ಸಾಲು ಮಾಡಿ ನೋಡಿ

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯುತ್ತಾ ರೇಡಿಯೋ ಹಚ್ಚಿಕೊಂಡು ಕೂತವರಿಗೆ, ಅವರ ಪಕ್ಕದಲ್ಲಿ ಲೆಕ್ಕದ ಪುಸ್ತಕ ಹಿಡಿದು ಕೂತ ಮಕ್ಕಳಿಗೆ ಇನ್ನೊಂದು ನಮಸ್ಕಾರ.

ಇವತ್ತು ಒಂದೇ ಒಂದು ಸಂಖ್ಯೆ. 4294967297. ನಾನೂರ ಇಪ್ಪತ್ತೊಂಬತ್ತು ಕೋಟಿ, ನಲವತ್ತೊಂಬತ್ತು ಲಕ್ಷ, ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಗಾಬರಿ ಬೇಡ. ಮೊದಲು ಸಾಗರದ ಕಡೆಯ ನಮ್ಮ ಮನೆಗೆ ಬನ್ನಿ.

ನಾನಾಗ ಐದನೇ ಕ್ಲಾಸು. ಸುಲಿತದ ರಾತ್ರಿ. ದೊಡ್ಡವರೆಲ್ಲ ಮೆಟ್ಟುಗತ್ತಿ ಮುಂದೆ ಕೂತಿದ್ದರು. ನಾನು ಸುಮ್ನೆ ಅಡ್ಡಾಡಿ ಕತ್ತಿ ತಾಗಿಸಿಕೊಂಡೇನು ಅಂತ ಅಜ್ಜ ಒಂದಷ್ಟು ಸುಲಿದ ಅಡಿಕೆ ಎಣಿಸಿ ಕಂಬಳಿ ಮೇಲೆ ಸುರಿದರು. "ತೊಂಬತ್ತೊಂದು ಇದೆ ಕೂಸೇ. ಸಾಲು ಮಾಡು. ಎಲ್ಲ ಸಾಲೂ ಸಮ ಬರಬೇಕು, ಒಂದೂ ಉಳೀಬಾರದು."

ಎರಡು ಸಾಲು ಮಾಡಿದೆ. ಒಂದು ಉಳಿಯಿತು. ಮೂರು ಮಾಡಿದೆ. ಮತ್ತೆ ಒಂದು. ಐದು ಮಾಡಿದೆ. ಆಗಲೂ ಒಂದು! ಆ ಹಸಿ ಅಡಿಕೆ ಬೆರಳಲ್ಲಿ ಹಿಡಿದುಕೊಂಡು ನನಗೆ ಅಳುವೇ ಬಂತು. "ಇದು ಆಗೋದೇ ಇಲ್ಲ ಅಜ್ಜ."

ಅವರು ಕತ್ತಿಯಿಂದ ಕಣ್ಣು ತೆಗೆಯಲಿಲ್ಲ. "ಏಳು ಸಾಲು ಮಾಡಿದ್ಯಾ?"

ಮಾಡಿರಲಿಲ್ಲ. ಮಾಡಿದೆ. ಸಾಲಿಗೆ ಹದಿಮೂರರಂತೆ ಏಳು ಸಾಲು, ಕೈಯಲ್ಲಿ ಏನೂ ಉಳಿದಿಲ್ಲ. ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಲ್ಲವನ್ನೂ ಒಂದೇ ಸಾಲಲ್ಲಿ ಇಡೋದು, ಇಲ್ಲ ಸಾಲಿಗೆ ಒಂದೊಂದೇ ಇಡೋದು ಬಿಟ್ಟರೆ, ಎಷ್ಟು ಮಾಡಿದರೂ ಸಮಸಾಲು ಬಾರದ ಸಂಖ್ಯೆಗಳೂ ಇವೆ. 13 ಹಾಗೆ, 97 ಹಾಗೆ. ಅವಿಭಾಜ್ಯ ಅಂದರೆ ಇಷ್ಟೇ. ಈ ಹೆಸರು ಕೇಳಿಯೇ ಮಕ್ಕಳು ಹೆದರುತ್ತಾರೆ, ನನಗೆ ಸಂಕಟವಾಗುತ್ತದೆ.

ಈಗ ದೊಡ್ಡ ಸಂಖ್ಯೆ. 3 ತಗೊಳ್ಳಿ. ಒಂದು ಕಳೆಯಿರಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಒಂದು ಸೇರಿಸಿ. 5 ಬಂತು. ಹೀಗೇ ಮುಂದುವರಿದರೆ 17, 257, 65537. ಎಲ್ಲವೂ ಅವಿಭಾಜ್ಯ. ಅದರ ಮುಂದಿನದೇ ನಮ್ಮ 4294967297. 17ನೇ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ, ಎಂಥ ದೊಡ್ಡ ಗಣಿತಜ್ಞ, ಇದೂ ಅವಿಭಾಜ್ಯವೇ ಅಂತ ನಂಬಿದ್ದರು. 1732ರಲ್ಲಿ ಆಯ್ಲರ್ ಅನ್ನುವವರು ಸಾಲು ಮಾಡಿಯೇಬಿಟ್ಟರು. 641 ಸಾಲು, ಸಾಲಿಗೆ 6700417. ಒಂದೂ ಉಳಿಯಲಿಲ್ಲ!

ಈ ಒಂದು ಸಂಖ್ಯೆಯ ಮಟ್ಟಿಗೆ ಎಲ್ಲ ಸಂಖ್ಯೆಗಳನ್ನೂ ಹುಡುಕಬೇಕಾಗಿಲ್ಲ. 64ರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು. 193, 257, 449, 577. ಐದನೆಯದೇ 641. ಅದು ಯಾಕೆ ಹಾಗೆ ಅನ್ನೋದಕ್ಕೆ ಇವತ್ತು ಹೊತ್ತಿಲ್ಲ, ಕಥೆಯೇ ಜಾಸ್ತಿ ಆಯ್ತು.

ಮಕ್ಕಳೇ, ಎರಡು, ಮೂರು, ಐದು ನೋಡಿ ಪೆನ್ಸಿಲ್ ಕೆಳಗಿಡಬೇಡಿ. ಸಾಲು ಮಾಡಿ ನೋಡಿ. ಇವತ್ತು ರಾತ್ರಿಗೆ 10001 ಕೊಡುತ್ತೇನೆ. ಕ್ಯಾಲ್ಕುಲೇಟರ್ ಬೇಡ. ಏಳಕ್ಕೆ ಆಗುವುದಿಲ್ಲ, ಹನ್ನೊಂದಕ್ಕೂ ಇಲ್ಲ. ಆದರೆ ನೂರರ ಒಳಗೇ ಸಿಗುತ್ತದೆ. ನಮಸ್ಕಾರ.