ಗೌರಿ ಹುಣ್ಣಿಮೆಯ ಸಂಜೆಗೆ ಎಂಥ ಕ್ಯಾಮೆರಾ?

ಕೇಳುಗರಿಗೆಲ್ಲ ನಮಸ್ಕಾರ.

ದೀಪಾವಳಿ ಮುಗಿದು ಹದಿನೈದು ದಿನಕ್ಕೆ ನಮ್ಮ ಕಡೆ ಗೌರಿ ಹುಣ್ಣಿಮೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ಯಾವ ಊರಿನ ಪೇಟೆಗೆ ಹೋದರೂ ಸಕ್ಕರೆ ಆರತಿಯ ರಾಶಿ. ಕಟ್ಟಿಗೆಯ ಅಚ್ಚಿನಲ್ಲಿ ಪಾಕ ಹೊಯ್ದು ತೆಗೆದ ಆನೆ, ಒಂಟೆ, ನವಿಲು, ತೇರು. ಸಂಜೆಗೆ ಹುಡುಗಿಯರು ಸೀರೆ ಉಟ್ಟು, ತಾಟಿನಲ್ಲಿ ಈ ಗೊಂಬೆಗಳನ್ನಿಟ್ಟು, ದೀಪ ಹಚ್ಚಿಕೊಂಡು ಗೌರಿಗೆ ಬೆಳಗಲು ಹೊರಡುತ್ತಾರೆ. ಮನೆಯಲ್ಲಿ ಫೋಟೋ ತೆಗೆಯುವವನಿಗೆ ಫಜೀತಿ ಶುರುವಾಗುವುದೂ ಆಗಲೇ. ಫ್ಲ್ಯಾಶ್ ಹಾಕಿದರೆ ದೀಪ ಉರಿಯುತ್ತಿದೆಯೋ ಆರಿದೆಯೋ ತಿಳಿಯುವುದಿಲ್ಲ, ಮುಖವೆಲ್ಲ ಸುಣ್ಣ ಬಳಿದ ಗೋಡೆಯ ಹಾಗೆ. ಹಾಕದಿದ್ದರೆ ಹುಡುಗಿ ಅಲುಗಾಡಿ ಮಸುಕು.

"ಕಾಕಾ, ಫುಲ್ ಫ್ರೇಮ್ ಕ್ಯಾಮೆರಾ ತಗೊಂಡ್ರ ಕತ್ತಲಾಗೂ ಛಲೋ ಬರ್ತಾವಂತಲ್ಲರೀ?" ಎಂದು ಕೇಳುವ ಹುಡುಗರು ಈಗೀಗ ಹೆಚ್ಚಾಗಿದ್ದಾರೆ. ಬರುತ್ತವೆ, ಸುಳ್ಳಲ್ಲ. ಫುಲ್ ಫ್ರೇಮ್ ಅಂದರೆ ಒಳಗಿನ ಸೆನ್ಸರ್, ಅದೇ ಬೆಳಕು ಹಿಡಿಯುವ ಫಲಕ, 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಹಿಂದೆ ರೀಲು ಹಾಕುತ್ತಿದ್ದ ಕ್ಯಾಮೆರಾದ ಒಂದು ಫ್ರೇಮಿನ ಅಳತೆಯೂ ಇದೇ. 2005ರಲ್ಲಿ ಕ್ಯಾನನ್ 5ಡಿ ಬಂದ ಮೇಲೆ ಡಿಜಿಟಲ್‌ನಲ್ಲಿ ಈ ಅಳತೆ ಹವ್ಯಾಸಿಗಳ ಕೈಗೆ ಎಟುಕತೊಡಗಿತು. ಹೆಚ್ಚಿನವರ ಬಳಿ ಇರುವ, ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಕ್ಯಾಮೆರಾದ ಸೆನ್ಸರಿಗಿಂತ ಇದರ ವಿಸ್ತೀರ್ಣ ಎರಡು ಪಟ್ಟಿಗೂ ಮೇಲು. ಅಷ್ಟೂ ಜಾಗದ ಮೇಲೆ ಬೆಳಕು ಬೀಳುವುದರಿಂದ ಕತ್ತಲಲ್ಲಿ ಚಿತ್ರ ಬೆಳಗಿಸಲು ಐಎಸ್ಒ ಎಂಬ ಸಂಖ್ಯೆಯನ್ನು ಏರಿಸಿದಾಗ ಏಳುವ ಚುಕ್ಕೆ, ಅದೇ ನಾಯ್ಸ್, ಕಡಿಮೆ. ಲೆಕ್ಕದಲ್ಲಿ ಹೇಳುವುದಾದರೆ ಒಂದು ಸ್ಟಾಪಿಗಿಂತ ತುಸು ಹೆಚ್ಚಿನ ಲಾಭ. ಒಂದು ಸ್ಟಾಪು ಅಂದರೆ ಬೆಳಕು ಇಮ್ಮಡಿ.

ಈಗ ಲೆನ್ಸಿನ ಲೆಕ್ಕ ಕೇಳಿ. ಲೆನ್ಸ್ ಎಷ್ಟು ತೆರೆದಿದೆ ಎಂದು ಹೇಳುವುದು ಎಫ್ ಸಂಖ್ಯೆ, ಅದು ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಕ್ಯಾಮೆರಾದ ಜೊತೆ ಕೊಡುವ ಜೂಮ್ ಲೆನ್ಸ್ ಪೂರ್ತಿ ಎಳೆದಾಗ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂಎಂನ ಎಫ್ 1.8 ಲೆನ್ಸ್ ಅದರ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕ್ಯಾಮೆರಾ ಬದಲಿಸಿದರೆ ಒಂದು ಸ್ಟಾಪು, ಲೆನ್ಸ್ ಬದಲಿಸಿದರೆ ಮೂರರ ಮೇಲೆ. ಫುಲ್ ಫ್ರೇಮ್‌ಗೆ ದುಡ್ಡು ಸುರಿದು, ಅದಕ್ಕೆ ಮಂದ ಜೂಮ್ ಹಾಕಿಕೊಂಡು ದೇವರ ಮನೆಯಲ್ಲಿ ನಿಂತವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮೊದಲು ಲೆನ್ಸ್ ಕೊಳ್ಳಿ. ಆಮೇಲೂ ಸಾಲದೆನಿಸಿದರೆ ಹಳೆಯ ಫುಲ್ ಫ್ರೇಮ್ ಬಾಡಿ ನೋಡಿ. ಮದುವೆ ಫೋಟೋ ತೆಗೆಯುವವರು ಹೊಸದು ಕೊಂಡಾಗ ಹಳೆಯದನ್ನು ಮಾರುತ್ತಾರೆ. ಬೆಳಕಿಗೆ ತೆರೆದು ಮುಚ್ಚುವ ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳದೆ ಮಾತ್ರ ದುಡ್ಡು ಎಣಿಸಬೇಡಿ.

ಲೆನ್ಸ್ ಇಷ್ಟು ತೆರೆದಾಗ ಒಂದು ತೊಡಕುಂಟು. ಫುಲ್ ಫ್ರೇಮ್‌ನಲ್ಲಿ 50 ಎಂಎಂ ಹಾಕಿ, ಎಫ್ 1.8ರಲ್ಲಿ, ಹುಡುಗಿಯಿಂದ ಒಂದೂವರೆ ಮೀಟರ್ ದೂರ ನಿಂತರೆ ಸ್ಪಷ್ಟವಾಗಿ ಬೀಳುವ ಪಟ್ಟಿ ಸುಮಾರು ಹತ್ತು ಸೆಂಟಿಮೀಟರ್, ಅಷ್ಟೆ. ಅವಳು ಆರತಿ ತಾಟನ್ನು ಎದೆಯ ಮುಂದೆ ಚಾಚಿ ಹಿಡಿದಿರುತ್ತಾಳೆ. ಫೋಕಸ್ ಸಕ್ಕರೆಯ ಆನೆಯ ಸೊಂಡಿಲಿಗೆ ಕೂತಿತೆಂದರೆ ಕಣ್ಣು ಮಂಜು. ಒಳಗೆ ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕುತ್ತವೆ. ಹಳೆಯದಾದರೆ ನಡುವಿನ ಫೋಕಸ್ ಪಾಯಿಂಟನ್ನು ನೀವೇ ಕಣ್ಣಿನ ಮೇಲೆ ಇಡಬೇಕು. ಅಕ್ಕ-ತಂಗಿಯರು ಮೂವರಿದ್ದರೆ ಹಿಂದೆಮುಂದೆ ನಿಲ್ಲಿಸದೆ ಒಂದೇ ಸಾಲಿನಲ್ಲಿ ನಿಲ್ಲಿಸಿ, ಲೆನ್ಸನ್ನು ಎಫ್ 2.8ರಷ್ಟು ಮುಚ್ಚಿ.

ಶಟರ್ ವೇಗವನ್ನು ಸೆಕೆಂಡಿನ ನೂರರಲ್ಲೊಂದು ಭಾಗಕ್ಕೆ ಇಡಿ. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ಅಗ್ಗದ ಎಲ್ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ಅದಕ್ಕಿಂತ ಚುರುಕಾದರೆ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ, ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟಿಗಳು ಬರುತ್ತವೆ. ಓಡಾಡುವ ಕೂಸಿಗೆ ಇದು ಸಾಲದು, ತಾಟು ಹಿಡಿದು ನಿಂತವಳಿಗೆ ಸಾಕು. ಇನ್ನೊಂದು, ಸುತ್ತಲೂ ಕತ್ತಲು ಕಂಡ ಕ್ಯಾಮೆರಾ ಎಲ್ಲವನ್ನೂ ಬೆಳಗಿಸಲು ಹೋಗಿ ಬಿಳಿ ಸಕ್ಕರೆಯನ್ನು ಬರೀ ಬಿಳಿ ಕಲೆ ಮಾಡಿಬಿಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪು ಕೆಳಗಿಳಿಸಿದರೆ ನವಿಲಿನ ಗರಿಯ ಗೀರುಗಳು ಉಳಿಯುತ್ತವೆ.

ಬಣ್ಣದ ತಕರಾರು ಬೇರೆ. ದೀಪ ಹಳದಿ, ಟ್ಯೂಬ್‌ಲೈಟ್ ಬಿಳಿ, ಮುಖದ ಅರ್ಧ ಅರಿಶಿನ, ಇನ್ನರ್ಧ ನೀಲಿ. ಟ್ಯೂಬ್ ಬಂದ್ ಮಾಡಿದರೆ ಮುಗೀತು ಅನ್ನುವಂತಿಲ್ಲ. "ಮುಸ್ಸಂಜಿ ಹೊತ್ತಿನ್ಯಾಗ ಲೈಟ್ ಆರಸ್ತಿಯೇನೋ, ಲಕ್ಷ್ಮೀ ಬರೋ ಹೊತ್ತು!" ಎಂದು ಆಯಿ ಎದ್ದು ಬರುತ್ತಾಳೆ. ಅವಳ ಮಾತನ್ನು ಮೀರಬೇಕಿಲ್ಲ. ಅಡುಗೆಮನೆಯ ಲೈಟ್ ಉರಿಯಲಿ, ಪಡಸಾಲೆಯದನ್ನಷ್ಟೇ ಆರಿಸಿ, ಬಾಗಿಲಿನಿಂದ ಓರೆಯಾಗಿ ಬರುವ ಬೆಳಕು ಕೂದಲಂಚಿಗೆ ಬೀಳುವಂತೆ ಹುಡುಗಿಯನ್ನು ನಿಲ್ಲಿಸಿ. ಕ್ಯಾಮೆರಾ ತಾನು ತಿದ್ದದೆ ಹಾಗೇ ಉಳಿಸುವ ರಾ ಫೈಲ್‌ನಲ್ಲಿ ತೆಗೆದಿದ್ದರೆ ಬಣ್ಣವನ್ನು ಆಮೇಲೆ ಕೂತು ಸರಿಮಾಡಬಹುದು. ಮುಖದ ಹಳದಿಯನ್ನು ಪೂರ್ತಿ ಕಳೆಯಬೇಡಿ, ದೀಪದ ಎದುರು ನಿಂತವರು ಹಳದಿಯಾಗಿಯೇ ಕಾಣಬೇಕು.

ಇಷ್ಟೆಲ್ಲ ಮಾಡಿಯೂ ಐಎಸ್ಒ 3200, 6400ಕ್ಕೆ ಹೋಗುತ್ತದೆ. ಹೋಗಲಿ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗ ಕಾಣುವ ಚುಕ್ಕೆ ಆರು ಇಂಚಿನ ಪ್ರಿಂಟಿನಲ್ಲಿ ಕಾಣುವುದೇ ಇಲ್ಲ, ಆದರೆ ಅಲುಗಿದ ಕೈ ಯಾವ ಅಳತೆಯಲ್ಲೂ ಅಲುಗಿದ ಕೈಯೇ. ಚುಕ್ಕೆ ಅಳಿಸುವ ಸಾಫ್ಟ್‌ವೇರ್‌ಗಳು ಈಗ ಬಲು ಜೋರಾಗಿವೆ. ಅವನ್ನು ಪೂರ್ತಿ ಎಳೆದರೆ ಆಯಿಯ ಮುಖದ ಸುಕ್ಕೂ, ಇಳಕಲ್ ಸೀರೆಯ ನೇಯ್ಗೆಯೂ ಚುಕ್ಕೆಯ ಜೊತೆಗೇ ಹೋಗುತ್ತವೆ. ಅರ್ಧಕ್ಕೆ ನಿಲ್ಲಿಸಿ.

ನಮಸ್ಕಾರ.