ಆ ಧೂಳು ಒರೆಸಬೇಡಿ!

ನಮಸ್ಕಾರ, ಬನ್ನಿ ಬನ್ನಿ. ಇವತ್ತು ಸಿಟ್ಟಿನಲ್ಲೇ ಮೈಕ್ ಮುಂದೆ ಕೂತಿದ್ದೇನೆ.

ಹೋದ ತಿಂಗಳು ಊರೂರು ಸುತ್ತುವ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ದೊಡ್ಡ ಕಲಾವಿದನ ಸ್ಟುಡಿಯೋ ಇದ್ದದ್ದು ಇದ್ದ ಹಾಗೇ ಇದೆ ಅಂತ ಬೋರ್ಡು. ಒಳಗೆ ಹೊಸ ಮೇಜು, ಹೊಸ ಕುರ್ಚಿ, ಡಬ್ಬದಲ್ಲಿ ಹತ್ತು ಬ್ರಷ್. ಬಗ್ಗಿ ನೋಡಿದೆ. ಒಂದರ ಹಿಡಿಗೆ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು! ಒಂದು ತೊಟ್ಟು ಬಣ್ಣ ತಾಗಿರಲಿಲ್ಲ.

ಇದನ್ನು ಹೇಳಿದ್ದಕ್ಕೆ ಒಬ್ಬರ ಕಾಮೆಂಟು: "ಕ್ಲೀನಾಗಿದ್ರೆ ತಪ್ಪೇನು? ಕಸ ನೋಡೋಕೆ ಯಾರು ಬರ್ತಾರೆ?"

ನಾನು ಬರ್ತೀನಿ ಸ್ವಾಮಿ! ಕಸ ನೋಡೋಕೇ ಬರ್ತೀನಿ.

ಫ್ರಾನ್ಸಿಸ್ ಬೇಕನ್ ಗೊತ್ತಲ್ವಾ? ಕಿರುಚುವ ಪೋಪ್‌ಗಳ ಚಿತ್ರ ಬರೆದ ಕಲಾವಿದ. ಲಂಡನ್ನಿನ ರೀಸ್ ಮ್ಯೂಸ್ ಅನ್ನುವ ಗಲ್ಲಿಯಲ್ಲಿ ಅವನದೊಂದು ಪುಟ್ಟ ಕೋಣೆ. 1961ರಿಂದ 1992ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಕೆಲಸ. ಕಾಲಿಡಲು ಜಾಗವಿಲ್ಲ. ಹರಿದ ಪುಸ್ತಕದ ಹಾಳೆ, ತುಳಿದು ಮಡಚಿಹೋದ ಫೋಟೋ, ಒಣಗಿದ ಬಣ್ಣದ ಡಬ್ಬ, ಚಾಕುವಿನಿಂದ ಸೀಳಿದ ಕ್ಯಾನ್ವಾಸು. ಗೋಡೆ, ಬಾಗಿಲ ಮೇಲೇ ಬಣ್ಣ ಕಲಸುತ್ತಿದ್ದ.

ಅವನು ಹುಟ್ಟಿದ ಊರು ಡಬ್ಲಿನ್. ಅಲ್ಲಿಯ ಹ್ಯೂ ಲೇನ್ ಗ್ಯಾಲರಿಗೆ 1998ರಲ್ಲಿ ಈ ಸ್ಟುಡಿಯೋ ದಾನವಾಗಿ ಬಂತು. ಅವರು ಏನು ಮಾಡಿದರು ಗೊತ್ತಾ? ಪುರಾತತ್ವದವರನ್ನು ಕರೆಸಿದರು. ಹಳೇ ಊರು ಅಗೆಯುವಾಗ ಮಾಡುವ ಹಾಗೆ, ಯಾವುದು ಎಲ್ಲಿ ಬಿದ್ದಿದೆ ಅಂತ ನಕ್ಷೆ ಬರೆಸಿದರು. 7000ಕ್ಕೂ ಜಾಸ್ತಿ ವಸ್ತು! ಗೋಡೆ, ಬಾಗಿಲು, ನೆಲ, ಚಾವಣಿ ಕಿತ್ತು ತಂದರು. ಧೂಳನ್ನೂ ತಂದರು. 2001ರಲ್ಲಿ ಜನರಿಗೆ ತೆರೆದರು.

ಕೇಳಿಸಿತಾ? ಧೂಳನ್ನೂ ತಂದರು.

ಯಾಕೆ ಅಂದರೆ ಧೂಳು ಅವನಿಗೆ ಬಣ್ಣವೇ ಆಗಿತ್ತು. 1945ರ ಒಂದು ಚಿತ್ರದಲ್ಲಿ ಬೂದು ಸೂಟು ಬರೆಯುವಾಗ ಸ್ಟುಡಿಯೋ ನೆಲದ ಧೂಳನ್ನೇ ಒತ್ತಿದ್ದ, ಉಣ್ಣೆಯ ಜುಂಗು ಬರಲಿ ಅಂತ. ರೀಸ್ ಮ್ಯೂಸ್ ಕೋಣೆಯಲ್ಲಿ ಕಾರ್ಡುರಾಯ್ ಪ್ಯಾಂಟಿನ ತುಂಡುಗಳು ಸಿಕ್ಕವು, ಬಣ್ಣ ಮೆತ್ತಿಕೊಂಡಿದ್ದವು. ಗೀರುಗೀರಾದ ಆ ಬಟ್ಟೆಯನ್ನು ಹಸಿ ಬಣ್ಣದ ಮೇಲೆ ಒತ್ತಿದರೆ ಗೀರು ಮೂಡುತ್ತಿತ್ತು. ಆ ತುಂಡನ್ನು ಯಾರಾದರೂ ಗುಡಿಸಿ ಎಸೆದಿದ್ದರೆ? ಆ ಗೀರು ಹೇಗೆ ಬಂತು ಅಂತ ತೋರಿಸುವ ಬಟ್ಟೆಯೇ ಇರುತ್ತಿರಲಿಲ್ಲ!

"ಸುತ್ತುವ ಪ್ರದರ್ಶನಕ್ಕೆ ಗೋಡೆ ಹೊತ್ತು ತರೋಕಾಗುತ್ತಾ?" ಅಂತೀರಿ. ಗೋಡೆ ಯಾರು ಕೇಳಿದರು? ಒಂದು ತುಂಡು ಬಟ್ಟೆ ತನ್ನಿ. ಬಣ್ಣ ಮೆತ್ತಿದ ಒಂದು ಡಬ್ಬ ತನ್ನಿ. ಗಾಜಿನ ಪೆಟ್ಟಿಗೆಯಲ್ಲಿಡಿ, ಸಾಕು. ಹೊಸ ಬ್ರಷ್ ನೋಡೋಕೆ ನಮ್ಮೂರ ಸ್ಟೇಷನರಿ ಅಂಗಡಿ ಇದೆಯಲ್ಲ!

"ಕಿತ್ತು ತಂದ ಮೇಲೆ ಅದೂ ನಕಲಿಯೇ ಅಲ್ವಾ?" ಬಿಡಿ ಸರ್, ವಾದಕ್ಕೆ ವಾದ. ಅದೇ ಬಾಗಿಲು, ಅದೇ ಬಣ್ಣ, ಅದೇ ಧೂಳು. ಎಲ್ಲಿಂದ ನಕಲಿ?

ಹಾಂ, ಮುಂದಿನ ಎಪಿಸೋಡು ನಮ್ಮ ಕನಕಪುರ ರಸ್ತೆಯ ತಾತಗುಣಿ ಬಗ್ಗೆ. ಚಿತ್ರಕಲಾವಿದ ಸ್ವೆತೋಸ್ಲಾವ್ ರೋರಿಚ್, ಅವರ ಹೆಂಡತಿ ನಟಿ ದೇವಿಕಾರಾಣಿ ಇದ್ದ ಎಸ್ಟೇಟು. ರೋರಿಚ್ ಸ್ಟುಡಿಯೋ ಅಲ್ಲೇ ಇತ್ತು. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ನಿಮ್ಮ ಮನೆಯಲ್ಲಿ ಚಿತ್ರ ಬರೆಯುವವರಿದ್ದರೆ ಅವರ ಮೇಜಿನ ಫೋಟೋ ಕಳಿಸಿ.

ಒರೆಸದೇ ತೆಗೆಯಿರಿ. ಒರೆಸಬೇಡಿ ಅಂದೆ, ಅಷ್ಟೇ!