ಕಳ್ಳನ ಕೈಯಲ್ಲಿ ಮೌಸೇ ಇಲ್ಲ ಮಾರಾಯ್ರೆ!

ನಮಸ್ಕಾರ ಎಲ್ರಿಗೂ. ಹೋದ ವಿಡಿಯೋ ಕೆಳಗೆ ಒಬ್ರು ಕಾಮೆಂಟ್ ಹಾಕಿದಾರೆ, "ಸೈಟ್ ಕಾಪಿ ಆಯ್ತು ಅಂತ ಗೋಳಾಡ್ತೀರಲ್ಲ ಸಾರ್, ಒಂದು ರೈಟ್ ಕ್ಲಿಕ್ ಲಾಕ್ ಪ್ಲಗಿನ್ ಹಾಕ್ಕೊಳ್ಳಿ, ಎರಡು ನಿಮಿಷದ ಕೆಲಸ". ಅದಕ್ಕೆ ರಾಶಿ ಲೈಕ್ ಬೇರೆ. ಇವತ್ತು ಕಾಳುಮೆಣಸಿನ ಬಗ್ಗೆ ಮಾತಾಡಬೇಕಿತ್ತು, ಅದು ಮುಂದಿನ ವಾರ ನೋಡುವ. ಇದನ್ನ ಮಾತಾಡದೆ ನಂಗೆ ನಿದ್ದೆ ಬರಲ್ಲ. ಈ ಲಾಕ್ ಅಂದ್ರೆ, ಪೇಜಲ್ಲಿ ಮೌಸಿನ ಬಲಗಡೆ ಬಟನ್ ಒತ್ತಿ ಅಕ್ಷರ ಕಾಪಿ ಮಾಡೋಕೆ ಬಿಡದ ಒಂದು ಸ್ಕ್ರಿಪ್ಟ್. ರೈಟ್ ಕ್ಲಿಕ್ ಲಾಕ್‌ನಿಂದ ಕಳ್ಳತನ ನಿಲ್ಲಲ್ಲ, ಯಾಕಂದ್ರೆ ಕಳ್ಳನ ಕೈಯಲ್ಲಿ ಮೌಸೇ ಇಲ್ಲ.

ನಮ್ಮ ಸೈಟಿನ ಅಡಿಕೆ ಬರಹಗಳನ್ನ ಪೂರ್ತಿ ಎತ್ಕೊಂಡು ಹೋಗಿ ಹಾಕಿಕೊಂಡಿರೋ ಸೈಟ್ ಒಂದಿದೆ, ಹೆಸರು ಹೇಳಲ್ಲ, ಪುಕ್ಕಟೆ ಪ್ರಚಾರ ಯಾಕೆ. ಅದನ್ನ ತೆರೆದು ನೋಡಿದ್ರೆ ಅವರು ರೈಟ್ ಕ್ಲಿಕ್ ಲಾಕ್ ಮಾಡಿದಾರೆ! ನನ್ನ ಬರಹಕ್ಕೆ ಅವರ ಬೀಗ! ಕಂಟ್ರೋಲ್ ಯು ಒತ್ತಿದೆ, ಸೋರ್ಸ್, ಅಂದ್ರೆ ಪೇಜಿನ ಹಿಂದಿರೋ ಕೋಡ್, ತೆರೆದುಕೊಳ್ತು, ಅದರೊಳಗೆ ಒಂದು ಸಾಲು ಹಾಗೇ ಕೂತಿದೆ, ನಮ್ಮ ಸೈಟಿನ ವಿಳಾಸ ಬರೆದು ಇಲ್ಲಿಂದ ಮಿರರ್ ಮಾಡಿದ್ದು, ಎಚ್‌ಟಿಟ್ರ್ಯಾಕ್ ವೆಬ್‌ಸೈಟ್ ಕಾಪಿಯರ್ ಅಂತ, ತಾರೀಕು ಸಮೇತ. ಇಡೀ ಸೈಟನ್ನ ತಾನೇ ಇಳಿಸಿಕೊಳ್ಳೋ ಸಾಫ್ಟ್‌ವೇರ್ ಅದು. ಆ ಸಾಲನ್ನ ಅಳಿಸುವಷ್ಟೂ ಪುರುಸೊತ್ತಿಲ್ಲ ಆ ಮನುಷ್ಯನಿಗೆ. ಆ ತಾರೀಕು ಹಿಡ್ಕೊಂಡು ನಮ್ಮ ಸರ್ವರ್ ಲಾಗ್, ಅಂದ್ರೆ ಸೈಟಿಗೆ ಯಾರು ಯಾವಾಗ ಬಂದ್ರು ಅನ್ನೋ ದಾಖಲೆ, ತೆಗೆದ್ರೆ, ಒಂದೇ ಐಪಿ ವಿಳಾಸದಿಂದ ಪೇಜ್ ಮೇಲೆ ಪೇಜ್, ಮನುಷ್ಯ ಓದೋ ಸ್ಪೀಡೇ ಅಲ್ಲ ಅದು, ಯೂಸರ್ ಏಜೆಂಟ್, ಅಂದ್ರೆ ಬಂದ ಸಾಫ್ಟ್‌ವೇರ್ ಹೇಳಿಕೊಳ್ಳೋ ಹೆಸರಿನ ಜಾಗದಲ್ಲಿ ಎಚ್‌ಟಿಟ್ರ್ಯಾಕ್, ವಿಂಡೋಸ್ 98 ಅಂತ ಇದೆ. ಆ ಟೂಲ್‌ನ ಡೀಫಾಲ್ಟ್ ಹೆಸರೇ ಹಾಗೆ, 1998ರಿಂದ ಇರೋ ಟೂಲು. ಡಬ್ಲ್ಯುಗೆಟ್ ಅಂತ ಇನ್ನೊಂದಿದೆ, ಅದು 1996ರದ್ದು. ಟೂಲ್ ಮೇಲೆ ನಂಗೆ ಸಿಟ್ಟಿಲ್ಲ, ಸ್ವಂತ ಸೈಟಿನ ಬ್ಯಾಕಪ್‌ಗೆ ನಾನೂ ಬಳಸ್ತೀನಿ. ಆದ್ರೆ ಇವು ನಿಮ್ಮ ಪೇಜ್ ಮುಂದೆ ಕೂತು ಬಲಗಡೆ ಬಟನ್ ಒತ್ತಲ್ಲ. ನಿಮ್ಮ ಲಾಕ್ ಸ್ಕ್ರಿಪ್ಟನ್ನ ರನ್ನೇ ಮಾಡಲ್ಲ. ಸರ್ವರ್ ಹತ್ರ ನೇರ ಕೇಳ್ತವೆ, ಸರ್ವರ್ ಕೊಡುತ್ತೆ, ಮುಗೀತು.

ಸ್ಕ್ರೀನಲ್ಲಿ ಅಕ್ಷರ ಕಾಣ್ತಿದೆ ಅಂದ್ರೆ ಅದು ಆಗ್ಲೇ ಓದುಗನ ಫೋನಿಗೆ ಇಳಿದಾಗಿದೆ. ಇಳಿದ ಮೇಲೆ ಬೀಗ ಹಾಕಿ ಏನು ಪ್ರಯೋಜನ? ತಡೆಯೋದಿದ್ರೆ ಸರ್ವರಲ್ಲಿ ತಡೀಬೇಕು. ನಿಮ್ಮ ಲಾಕ್‌ಗೆ ಸಿಕ್ಕಿಹಾಕಿಕೊಳ್ಳೋದು ಯಾರು ಗೊತ್ತಾ? ಅಡಿಕೆಗೆ ಕೊಳೆರೋಗ ಶುರುವಾದಾಗ ಸಿಂಪಡಿಸೋ ಬೋರ್ಡೋ ದ್ರಾವಣದ ಅಳತೆ ಹುಡುಕ್ಕೊಂಡು ಬಂದವರು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇಷ್ಟು ಸಾಲನ್ನ ಕಾಪಿ ಮಾಡಿ ತೋಟದಲ್ಲಿರೋ ಅಪ್ಪನಿಗೆ ವಾಟ್ಸಾಪ್ ಮಾಡೋಣ ಅಂತ ಬೆರಳು ಒತ್ತಿ ಹಿಡಿದ್ರೆ, "ಕಂಟೆಂಟ್ ಈಸ್ ಪ್ರೊಟೆಕ್ಟೆಡ್" ಅಂತ ಕೆಂಪು ಪೆಟ್ಟಿಗೆ ಎದ್ದು ಬರುತ್ತೆ. ಕಣ್ಣು ಮಂಜಾದವರು ಅಕ್ಷರ ಸೆಲೆಕ್ಟ್ ಮಾಡಿ ಫೋನಿನಿಂದ ಓದಿಸಿ ಕೇಳ್ತಾರೆ, ಅವರಿಗೂ ಅದೇ ಪೆಟ್ಟಿಗೆ. ತೋಟಕ್ಕೆ ಬೇಲಿ ಹಾಕೋದು ಬಿಟ್ಟು ಮನೆಗೆ ಬಂದ ನೆಂಟರ ಕೈ ಕಟ್ಟಿದ ಹಾಗೆ!

"ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಹಾಕಿ" ಅಂತ ಇನ್ನೊಬ್ರು. ಯಾವ ಪೇಜಿಗೆ ಬರಬೇಡಿ ಅಂತ ಬಾಟ್‌ಗಳಿಗೆ, ಅಂದ್ರೆ ತಾವೇ ಸೈಟ್ ಸುತ್ತೋ ಸಾಫ್ಟ್‌ವೇರ್‌ಗಳಿಗೆ, ಹೇಳೋ ಫೈಲ್ ಅದು. ಹಾಕಿದೀನಿ, ನೀವೂ ಹಾಕಿ. ಆದ್ರೆ 1994ರಲ್ಲಿ ಶುರುವಾದಾಗಿಂದ ಅದೊಂದು ವಿನಂತಿ ಅಷ್ಟೇ, ಮರ್ಯಾದೆ ಇರೋ ಬಾಟ್ ಕೇಳುತ್ತೆ, ಇಲ್ಲದ್ದು ಕೇಳಲ್ಲ. 2022ರಲ್ಲಿ ಅದನ್ನ ಸ್ಟ್ಯಾಂಡರ್ಡ್ ಮಾಡಿದಾಗ ಆ ದಾಖಲೆಯಲ್ಲೇ ಬರೆದಿದಾರೆ, ಇದು ಭದ್ರತೆಯ ಏರ್ಪಾಡಲ್ಲ ಅಂತ. ಎಚ್‌ಟಿಟ್ರ್ಯಾಕ್‌ನಲ್ಲಿ ಅದನ್ನ ಲೆಕ್ಕಕ್ಕೇ ತಗೋಬೇಡ ಅನ್ನೋ ಆಪ್ಷನ್ ಕೂಡ ಇದೆ.

ಹಾಗಾದ್ರೆ ಏನು ಮಾಡಬೇಕು? ರೇಟ್ ಲಿಮಿಟ್ ಹಾಕಿ. ಒಂದು ಐಪಿಯಿಂದ ನಿಮಿಷಕ್ಕೆ ಇಷ್ಟೇ ಪೇಜು, ಮೀರಿದ್ರೆ 429 ಎರರ್, ಹೋಗಿ ಆಮೇಲೆ ಬನ್ನಿ. ನಿಮ್ಮ ಸರ್ವರಲ್ಲಿ ಎಂಜಿನ್‌ಎಕ್ಸ್ ಸಾಫ್ಟ್‌ವೇರ್ ಇದ್ರೆ ಎರಡು ಮೂರು ಸಾಲಿನ ಕೆಲಸ, ಕೆಳಗೆ ಡಿಸ್ಕ್ರಿಪ್ಷನಲ್ಲಿ ಹಾಕಿದೀನಿ, ಹಾಗೇ ಆ ಸಬ್‌ಸ್ಕ್ರೈಬ್ ಬಟನ್ನೂ ಒತ್ತಿಬಿಡಿ, ನಮ್ಮ ಅಡಿಕೆ ಗುಂಪಿನ ಲಿಂಕೂ ಅಲ್ಲೇ ಇದೆ. ಒಂದೇ ಸರ್ವರನ್ನ ಹಲವರು ಹಂಚಿಕೊಳ್ಳೋ ಶೇರ್ಡ್ ಹೋಸ್ಟಿಂಗ್ ಆದ್ರೆ, ಬರೋರನ್ನ ಮೊದಲೇ ತಡೆದು ನೋಡೋ ಕ್ಲೌಡ್‌ಫ್ಲೇರ್ ಥರದ ಸೇವೆಯನ್ನ ಸೈಟಿನ ಮುಂದೆ ನಿಲ್ಲಿಸಿ, ಪುಕ್ಕಟೆ ಪ್ಲಾನೇ ಸಾಕು. ಹೊಸ ಬರಹಗಳನ್ನ ತಾನೇ ಹಂಚೋ ಆರ್‌ಎಸ್‌ಎಸ್ ಫೀಡಲ್ಲಿ ಪೂರ್ತಿ ಬರಹ ಬಿಡಬೇಡಿ. ಬೇರೆ ಸೈಟ್ ನಿಮ್ಮ ಸರ್ವರಿಂದಲೇ ಫೋಟೋ ಎಳೆದು ತೋರಿಸದ ಹಾಗೆ ಹಾಟ್‌ಲಿಂಕ್ ತಡೆ ಹಾಕಿ, ಇಲ್ಲಾಂದ್ರೆ ಅವರ ಸೈಟಲ್ಲಿ ಕಾಣೋ ಫೋಟೋಗೆ ಬ್ಯಾಂಡ್‌ವಿಡ್ತ್ ನಿಮ್ಮದು ಹೋಗುತ್ತೆ.

"ಯೂಸರ್ ಏಜೆಂಟ್ ಬದಲಾಯಿಸಿ, ಐಪಿ ಬದಲಾಯಿಸಿ ಬರ್ತಾರಲ್ಲ" ಅಂತೀರಾ? ಬರಲಿ! ಸೋರ್ಸಲ್ಲಿ ಒಂದು ಸಾಲು ಅಳಿಸೋಕೆ ಸೋಮಾರಿತನ ಪಡೋ ಮನುಷ್ಯ ದಿನಗಟ್ಟಲೆ ಕೂತು ನಿಧಾನಕ್ಕೆ ಕದೀತಾನಾ? ಪಕ್ಕದ ಸೈಟ್ ನೋಡ್ಕೊಂಡು ಹೋಗ್ತಾನೆ ಅವನು. "ಇಂಟರ್ನೆಟ್ಟಿಗೆ ಹಾಕಿದ್ಮೇಲೆ ಎಲ್ಲರದ್ದೂ" ಅನ್ನೋ ಮಹಾಶಯರಿಗೆ ಉತ್ತರ ಕೊಡೋಕೂ ನಂಗೆ ಮನಸ್ಸಿಲ್ಲ, 1957ರ ಕಾಪಿರೈಟ್ ಆಕ್ಟ್ ಇದೆ, 2000ದ ಐಟಿ ಆಕ್ಟಿನ 43ನೇ ಸೆಕ್ಷನ್ ಇದೆ, ಹೋಗಿ ಓದ್ಕೊಳ್ಳಿ.

ಇನ್ನೂ "ಲಾಕ್ ಇದ್ರೆ ಸ್ವಲ್ಪ ಜನ ಆದ್ರೂ ನಿಲ್ತಾರೆ" ಅಂತೀರಾ? ಯಾರ್ರೀ ನಿಲ್ಲೋದು? ಓದುಗ ನಿಲ್ತಾನೆ! ಅಪ್ಪನಿಗೆ ಅಳತೆ ಕಳಿಸೋ ಹುಡುಗಿ ನಿಲ್ತಾಳೆ! ಕಳ್ಳನ ಕೈಯಲ್ಲಿ ಮೌಸಿಲ್ಲ, ಮೌಸಿಲ್ಲ, ಎಷ್ಟು ಸಲ ಹೇಳಲಿ ಮಾರಾಯ್ರೆ! ನನ್ನ ಸೈಟಿಗೆ ಆ ಪ್ಲಗಿನ್ ನಾನು ಬದುಕಿರೋವರೆಗೂ ಹಾಕಲ್ಲ, ಬೇಕಾದವರು ಬೇಕಾದಷ್ಟು ಸಾಲು ಕಾಪಿ ಮಾಡಿ ಕಳಿಸಿ, ಅದಕ್ಕೇ ಬರ್ದಿರೋದು. ನಿಮ್ಮ ಸೈಟಲ್ಲಿ ಅದಿದ್ರೆ ಇವತ್ತೇ ಕಿತ್ತು ಹಾಕಿ, ಕಿತ್ತ ಮೇಲೆ ಕಾಮೆಂಟಲ್ಲಿ "ಕಿತ್ತೆ" ಅಂತ ಬರೀರಿ. ಹೋಸ್ಟಿಂಗ್ ಪ್ಯಾನೆಲಲ್ಲಿ ಲಾಗ್ ಎಲ್ಲಿದೆ ಅಂತ ಸಿಗದೇ ಇದ್ರೆ ಅದನ್ನೂ ಕೇಳಿ, ಸ್ಕ್ರೀನ್ ರೆಕಾರ್ಡ್ ಮಾಡಿ ತೋರಿಸ್ತೀನಿ.